ಮೇಲಿನ ಸ್ಟಾಕು

“ಕೋಳಿ ತಿನ್ನೋರಿಗೆ ಅದೆಲ್ಲ ಇದ್ದಿದ್ದೇ ಬಿಡಮ್ಮ,” ಅಂದರು ಪರಮಶಿವಯ್ಯನವರು, ಬಿಲ್ಲಿಂಗ್ ಕೌಂಟರಿನ ಮೇಲಿನ ಗಣಪತಿಗೆ ಊದುಬತ್ತಿ ತಿರುಗಿಸುತ್ತಾ. “ಹೊಟ್ಟೆಗೆ ಏನು ಹಾಕ್ತೀವೋ, ಮೈಗೆ ಅದೇ ತಾನೆ ಬರೋದು.”

ಯಲ್ಲಮ್ಮನ ಕೈಯಲ್ಲಿದ್ದ ಸೀರೆ ಅರ್ಧ ಮಡಿಕೆಯಲ್ಲೇ ನಿಂತಿತು.

“ಯಾರು ಸಾರ್ ಕೋಳಿ ತಿಂದಿದ್ದು?”

“ಇನ್ಯಾರು, ನಿನ್ನ ಶರಣಮ್ಮ. ನೀನೇ ತಾನೆ ನಿನ್ನೆ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದ್ದು? ರಿಪೋರ್ಟ್ ಬಂತು, ಡಾಕ್ಟ್ರು ಈ ಕೋಳಿ ಅಂದ್ರು ಅಂತ.”

“ಕೋಳಿ ಅಲ್ಲ ಸಾರ್, ಕೋಲಿ. ಇ ಕೋಲಿ. ಅದೊಂದು ಕ್ರಿಮಿ ಹೆಸರು. ಕಣ್ಣಿಗೆ ಕಾಣಲ್ಲ.”

“ಕಾಣದೇ ಇರೋದಕ್ಕೆ ಏನು ಹೆಸರಿಟ್ರೇನು,” ಅಂದು ಅವರು ಊದುಬತ್ತಿಯನ್ನು ಬಾಳೆಹಣ್ಣಿಗೆ ಸಿಕ್ಕಿಸಿದರು. “ಬೋಣಿ ಆಗೋ ಮುಂಚೆ ಕಾಯಿಲೆ ಮಾತು ಬೇಡ. ಸೀರೆ ಮಡಿಸು.”

ಜಯನಗರದ ಫೋರ್ತ್ ಬ್ಲಾಕಿನಲ್ಲಿ ಕಾಂಪ್ಲೆಕ್ಸಿನ ಗದ್ದಲ ಮುಗಿದು ಕೊಂಚ ಒಳಗೆ ತಿರುಗಿದರೆ ಸಿಗುವ ರೇಷ್ಮೆ ಸೀರೆ ಅಂಗಡಿ ಅದು. ಪರಮಶಿವಯ್ಯನವರು ಅಲ್ಲಿಯ ಮ್ಯಾನೇಜರು. ಓನರು ತಿಂಗಳಿಗೊಮ್ಮೆ ಮುಖ ತೋರಿಸುವವರು, ಹಾಗಾಗಿ ಕೆಲಸದ ಹೆಂಗಸರ ಪಾಲಿಗೆ ಓನರೂ ಇವರೇ. ಕೆಟ್ಟವರೇನಲ್ಲ, ಹಾಗಂತ ಅವರೇ ಆಗಾಗ ಹೇಳುತ್ತಿದ್ದರು. ಹಣೆಗೆ ಮೂರು ಗೆರೆ ವಿಭೂತಿ, ಸೊಂಟಕ್ಕೆ ಬೀಗದ ಕೈ ಗೊಂಚಲು. ನಡೆದರೆ ಗೊಂಚಲು ಗಲಗಲ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಗೋಡೆಗೆ ಒರಗಿದ್ದ ಹೆಂಗಸರು ನೆಟ್ಟಗೆ ನಿಲ್ಲುತ್ತಿದ್ದರು.

ಯಲ್ಲಮ್ಮ ಅಲ್ಲಿಯ ಹಳಬಳು. ಸಾರಕ್ಕಿ ಊರೊಳಗಿನ ಮನೆ. ಗಂಡ ಪಿಳ್ಳಣ್ಣ ಬನಶಂಕರಿ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಮಂಡಿಯ ಹಮಾಲಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವರು ಮದುವೆಗೆ ಬಂದವರೋ, ಎಸಿ ಗಾಳಿಗೆ ಬಂದವರೋ ಹೇಳಿಬಿಡುತ್ತಿದ್ದಳು. ಮಾತಿನಲ್ಲೂ ಜೋರು. ಆದರೆ ಇವತ್ತು ಯಾರು ಯಾರಿಗೆ ಅಂತ ಉತ್ತರ ಕೊಡುವುದು? ಬೆಳಿಗ್ಗೆ ಬರುವಾಗಲೇ ಸೆಕ್ಯೂರಿಟಿಯವನು ಕೇಳಿದ್ದ, “ಅಕ್ಕಾ, ಹಕ್ಕಿ ಜ್ವರ ಅಂತಲ್ಲ?” ಪ್ಯಾಕಿಂಗ್ ಹುಡುಗಿ ಮೂಗಿಗೆ ಮಾಸ್ಕ್ ಹಾಕಿಕೊಂಡೇ ಬಂದಿದ್ದಳು. ಒಂದು ಲಕಾರ ಫೋನಿನೊಳಗೆ ನುಗ್ಗಿ ಆಚೆ ಬರುವಾಗ ಳಕಾರವಾಗಿ, ರಾತ್ರಿ ಬೆಳಗಾಗುವುದರಲ್ಲಿ ರೆಕ್ಕೆಪುಕ್ಕ ಕಟ್ಟಿಕೊಂಡು ಇಡೀ ಅಂಗಡಿ ಸುತ್ತಿಬಿಟ್ಟಿತ್ತು.

ನಗಬಹುದಾದ ವಿಷಯವೇ. ಶರಣಮ್ಮನೇ ಇದ್ದಿದ್ದರೆ ಮೊದಲು ನಗುತ್ತಿದ್ದವಳು ಅವಳು. ಆದರೆ ಅವಳು ಆಸ್ಪತ್ರೆಯಲ್ಲಿ, ಕೈಗೆ ಡ್ರಿಪ್ ಹಾಕಿಸಿಕೊಂಡು, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟಿಸುತ್ತಾ ಮಲಗಿದ್ದಳು.

ಆ ಅಂಗಡಿಯಲ್ಲಿ ಒಂದು ಗುಟ್ಟಿನ ಮಾತಿತ್ತು. ಗಿರಾಕಿ ಎದುರಿಗೆ ಕೂತಿರುವಾಗ ಬಾತ್‌ರೂಮಿಗೆ ಹೋಗಿ ಬರುತ್ತೇನೆ ಅನ್ನುವುದು ಹೇಗೆ? ಯಾವ ಕಾಲದಲ್ಲೋ ಯಾವಳೋ ಜಾಣೆ, “ಮೇಲಿನ ಸ್ಟಾಕ್ ನೋಡ್ಕೊಂಡು ಬರ್ತೀನಿ ಮೇಡಂ” ಅಂದಿದ್ದಳಂತೆ. ಬಾತ್‌ರೂಮು ಇದ್ದದ್ದು ಮೂರನೇ ಮಹಡಿಯಲ್ಲಿ, ಗೋಡೌನಿನ ಹಿಂದೆ. ಗಿರಾಕಿಗೂ ಖುಷಿ, ನಮಗೋಸ್ಕರ ಮೇಲಿಂದ ಮಾಲು ತರಿಸ್ತಾರೆ ಅಂತ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶರಣಮ್ಮನಿಗೆ ಯಲ್ಲಮ್ಮ ಕಲಿಸಿದ ಮೊದಲ ಪಾಠ ಜರಿಯದ್ದಲ್ಲ, ಇದು. ಲಿಂಗಸುಗೂರು ಕಡೆಯ ಹುಡುಗಿ, ಗಂಡ ನಿಂಗರಾಜ ಕಂಪನಿ ಕ್ಯಾಬ್ ಓಡಿಸುತ್ತಿದ್ದ, ಬಿಟಿಎಂ ಲೇಔಟಿನ ತಾವರೆಕೆರೆಯ ಓಣಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಪಾಠ ಹೇಳಿದ ಮಾರನೇ ದಿನವೇ ಅವಳು ಯಲ್ಲಮ್ಮನ ಕಿವಿಯಲ್ಲಿ, “ಅಕ್ಕಾ, ಸ್ಟಾಕ್ ಭಾಳ ತುಂಬೈತ್ರಿ, ಎಲ್ಲೆ ಖಾಲಿ ಮಾಡ್ಲಿ?” ಅಂದು ಇಬ್ಬರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು.

ಆ ನಗು ಬಹಳ ದಿನ ಬಾಳಲಿಲ್ಲ. ಆಷಾಢದ ಡಿಸ್ಕೌಂಟ್ ಮಾರಾಟದಲ್ಲಿ ಓನರು ಎಲ್ಲೋ ಕೂತು ಕ್ಯಾಮೆರಾ ನೋಡಿದರಂತೆ. ಹೆಂಗಸರು ಪದೇಪದೇ ಮೆಟ್ಟಿಲು ಹತ್ತುತ್ತಾರೆ, ಮೇಲೆ ಹೋಗಿ ಫೋನ್ ನೋಡ್ತಾ ಕೂರ್ತಾರೆ ಅಂದರಂತೆ. ಅದೇ ಸಂಜೆ ಪರಮಶಿವಯ್ಯನವರು ಬಾತ್‌ರೂಮಿಗೆ ಬೀಗ ಹಾಕಿದರು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ, ಸಂಜೆ ಒಂದು ಸಲ, ಅವರೇ ಬಂದು ತೆಗೆಯುವುದು. ನಡುವೆ ಬೇಕಾದರೆ ಅವರನ್ನು ಕೇಳಬೇಕು. ಗಂಡಸರೆದುರು, ಗಿರಾಕಿಗಳೆದುರು ಬೀಗದ ಕೈ ಕೇಳುವುದಕ್ಕಿಂತ ನೀರು ಕುಡಿಯದಿರುವುದೇ ಸುಲಭ ಅಂತ ಎಲ್ಲರೂ ಒಬ್ಬೊಬ್ಬರಾಗಿ ತೀರ್ಮಾನಿಸಿದರು. ಗಂಡಸರಿಗೇನು, ಕೆಳಗಿನ ಟೀ ಅಂಗಡಿಯ ಪಕ್ಕದ ಸಂದಿ ಇತ್ತು. ನೆಲಮಹಡಿಯಲ್ಲಿ ಟೈಲ್ಸ್ ಹಾಕಿ ಕನ್ನಡಿ ಕೂರಿಸಿದ ಬಾತ್‌ರೂಮಿತ್ತು, ಗಿರಾಕಿಗಳಿಗೆ.

ಶ್ರಾವಣ ಬಂತು. ಮದುವೆ ಸೀಸನ್ನು. ಶರಣಮ್ಮ ಕೂತಲ್ಲಿ ಕೂರದೆ ಕಾಲು ಬದಲಾಯಿಸುತ್ತಿದ್ದಳು.

“ಉರ್ಯಾಕತ್ತೈತ್ರಿ ಅಕ್ಕಾ. ಖಾರ ಹಾಕಿದಂಗ ಆಗತೈತಿ.”

“ಹೀಟ್ ಕಣೇ ಅದು. ಎಳನೀರು ಕುಡಿ, ಹೊಕ್ಕಳಿಗೆ ಹರಳೆಣ್ಣೆ ಹಚ್ಕೋ.”

ನಾವೆಲ್ಲ ಹೇಳುವ ಮಾತೇ ಅದು. ಕಣ್ಣು ಕೆಂಪಾದರೆ ಹೀಟು, ಬಾಯಿ ಹುಣ್ಣಾದರೆ ಹೀಟು, ಮೂತ್ರ ಉರಿದರೆ ಹೀಟು. ಶರಣಮ್ಮ ಎಳನೀರು ಕುಡಿದಳು. ಕುಡಿದ ಎಳನೀರು ಹೊರಗೆ ಹೋಗಬೇಕಲ್ಲ, ಅದಕ್ಕೆ ಬೀಗದ ಕೈ ಬೇಕಲ್ಲ. ಮಡಿವಾಳದ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿದಳು. ಉರಿ ಇಳಿದಿದ್ದೇ ಉಳಿದ ಮಾತ್ರೆ ಬ್ಯಾಗಿಗೆ ಹಾಕಿದಳು. ಮತ್ತೆ ಉರಿ ಬಂತು. ಈ ಸಲ ಬೆನ್ನಿನ ಕೆಳಗೆ, ಪಕ್ಕೆಯಲ್ಲಿ, ಯಾರೋ ಗುದ್ದಲಿಯಿಂದ ಅಗೆದ ಹಾಗೆ. ಬುಧವಾರ ಒಬ್ಬ ಗಿರಾಕಿ ಎದುರು ಕೆಂಪು ಕಂಚಿ ಸೀರೆಯ ಸೆರಗು ಬಿಚ್ಚಿ ಹಿಡಿದವಳು ಹಾಗೇ ನಡುಗಲು ಶುರುಮಾಡಿದಳು. “ಎಸಿ ಕಮ್ಮಿ ಮಾಡ್ರೀ, ಥಂಡಿ ಹತ್ತಾಕತ್ತೈತಿ,” ಅಂದಳು. ಎಸಿ ಕೆಟ್ಟು ಎರಡು ದಿನವಾಗಿತ್ತು. ಯಲ್ಲಮ್ಮ ಮೈ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. ಕಾದ ಹೆಂಚು.

ಆಟೋದಲ್ಲಿ ಕರೆದುಕೊಂಡು ಹೋದವಳೂ ಅವಳೇ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಣ್ಣಿನ ಸುತ್ತ ಕಪ್ಪು, ಮಾತು ಮಾತ್ರ ಚುರುಕು. ಕಿಡ್ನಿಗೆ ಏರಿಬಿಟ್ಟಿದೆ ಅಂದಳು. ಶುಕ್ರವಾರ ಮೂತ್ರದ ಕಲ್ಚರ್ ರಿಪೋರ್ಟ್ ಬಂದ ಮೇಲೆ ಮಂಚದ ತುದಿಯಲ್ಲಿ ನಿಂತು ಬಿಡಿಸಿ ಹೇಳಿದಳು.

“ಇದು ಇ ಕೋಲಿ ಅಂತ. ಎಲ್ಲೋ ಹೊರಗಿಂದ ಬಂದ ಕಳ್ಳ ಅಲ್ಲಮ್ಮ, ಕರುಳಲ್ಲೇ ಇರೋದು. ನಿಮ್ಮ ಕರುಳಲ್ಲೂ ಇದೆ, ನನ್ನ ಕರುಳಲ್ಲೂ ಇದೆ. ಅಲ್ಲಿರೋವರೆಗೂ ಸಾಮಾನ್ಯವಾಗಿ ತಂಟೆ ಮಾಡಲ್ಲ. ಮೂತ್ರದ ದಾರಿಗೆ ದಾಟಿದ್ರೆ ಮಾತ್ರ ರಂಪ. ಹೆಂಗಸರಿಗೆ ಎರಡು ದಾರಿನೂ ಹತ್ತಿರ, ದಾಟೋದು ಸುಲಭ. ಚೆನ್ನಾಗಿ ನೀರು ಕುಡಿದು ಆಗಾಗ ಹೋಗ್ತಾ ಇದ್ರೆ ಎಷ್ಟೋ ಸಲ ಕೊಚ್ಕೊಂಡು ಹೋಗುತ್ತೆ. ಕಟ್ಕೊಂಡು ಕೂತ್ರೆ ಅಲ್ಲೇ ಸಂಸಾರ ಹೂಡುತ್ತೆ.”

“ಮಾತ್ರೆ ತಗೊಂಡಿದ್ದೆರೀ,” ಅಂದಳು ಶರಣಮ್ಮ ಕಂಬಳಿಯೊಳಗಿಂದ.

“ಅರ್ಧಕ್ಕೆ ಬಿಟ್ರಿ. ಅರ್ಧ ಪೆಟ್ಟು ತಿಂದ ಶತ್ರು ಸುಮ್ನಿರ್ತಾನಾ? ಇದು ಈಗ ಆ ಮಾತ್ರೆಗೆ ಬಗ್ಗಲ್ಲ ಅಂತ ರಿಪೋರ್ಟಲ್ಲೇ ಇದೆ. ಇಂಜೆಕ್ಷನ್ನೇ ಗತಿ. ಅಲ್ಲ, ಇಷ್ಟು ದಿನ ಯಾಕೆ ಕಟ್ಕೊಂಡಿದ್ರಿ? ಅಂಗಡೀಲಿ ಟಾಯ್ಲೆಟ್ ಇಲ್ವಾ?”

“ಐತ್ರಿ,” ಅಂದಳು ಶರಣಮ್ಮ. ಆಮೇಲೆ ಯಲ್ಲಮ್ಮನ ಮುಖ ನೋಡಿ, “ಸ್ಟಾಕ್ ಐತಿ, ಕೀಲಿಕೈ ಇಲ್ಲ,” ಅಂದಳು. ಜ್ವರದಲ್ಲೂ ಹುಡುಗಿಗೆ ತಮಾಷೆ. ಯಲ್ಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಎಳನೀರು ಕುಡಿ ಅಂದಿದ್ದ ತನ್ನ ಬಾಯಿ ಕಹಿಯಾದ ಹಾಗಾಯಿತು. ಹೊರಡುವಾಗ ಶರಣಮ್ಮ ಅವಳ ಕೈ ಹಿಡಿದು ಕೇಳಿದ್ದು ಒಂದೇ: “ಅಕ್ಕಾ, ಕೆಲಸಾ ಬಿಡಸಂಗಿಲ್ಲಲ್ಲಾ?”

“ಯಾವನೇ ಬಿಡಿಸೋನು? ನಾನಿಲ್ವಾ,” ಅಂದು ಬಂದಿದ್ದಳು.

ಈಗ ಅದೇ ಮಾತಿನ ಭಾರ ತಲೆಯ ಮೇಲಿತ್ತು. ಸೀರೆ ಮಡಿಸಿ ಕಪಾಟಿಗೆ ಇಟ್ಟು ಅವಳು ಕೌಂಟರಿನ ಹತ್ತಿರ ಹೋಗಿ ನಿಂತಳು.

“ಸಾರ್, ಶರಣಮ್ಮ ಇನ್ನೊಂದು ವಾರ ಬಿಟ್ಟು ಬರ್ತಾಳೆ. ಅವಳ ಜಾಗಕ್ಕೆ ಯಾರನ್ನೂ ತಗೋಬೇಡಿ.”

ಪರಮಶಿವಯ್ಯನವರು ಕನ್ನಡಕದ ಮೇಲಿಂದ ನೋಡಿದರು. “ನೋಡಮ್ಮ ಯಲ್ಲಮ್ಮ, ನಾನು ಕೆಟ್ಟೋನಲ್ಲ. ನಿನ್ನೆ ನಾನೂ ಫೋನಲ್ಲಿ ಓದಿದೆ. ನಿನ್ನ ಆ ಕ್ರಿಮಿ ಕಕ್ಕಸ್ಸಲ್ಲಿರೋದಂತೆ. ಇಲ್ಲಿ ಮದುವೆ ಸೀರೆ ಮುಟ್ಟೋದು, ಧಾರೆ ಸೀರೆ ಮುಟ್ಟೋದು. ಗಿರಾಕಿಗೆ ಗೊತ್ತಾದ್ರೆ? ಶುದ್ಧ ಅನ್ನೋದು ಬೇಕಲ್ಲಮ್ಮ. ಕೋಳಿ ಕುರಿ ತಿಂದು ಕೈ ಸರಿಯಾಗಿ ತೊಳೀದೇ ಇದ್ರೆ ಇನ್ನೇನಾಗುತ್ತೆ?”

“ಅವಳು ಮೊಟ್ಟೇನೂ ಮುಟ್ಟಲ್ಲ ಸಾರ್.”

“ಯಾರು?”

“ಶರಣಮ್ಮ. ಕೊರಳಲ್ಲಿ ಲಿಂಗ ಇದೆ, ನೋಡಿಲ್ವಾ? ಸೆರಗಿನೊಳಗೆ ಇರುತ್ತೆ. ದಿನಾ ಪೂಜೆ ಮಾಡ್ಕೊಂಡೇ ಬಸ್ ಹತ್ತೋದು ಅವಳು. ಕೋಳಿ ತಿನ್ನೋಳು ನಾನು. ಭಾನುವಾರ ಬಿಡಲ್ಲ. ನಂಗೇನೂ ಆಗಿಲ್ಲ.”

ಪರಮಶಿವಯ್ಯನವರ ಕೈ ತಾನಾಗಿ ತಮ್ಮ ಎದೆಯ ಹತ್ತಿರ ಹೋಗಿ ಅಂಗಿಯ ಮೇಲಿಂದಲೇ ಏನನ್ನೋ ಮುಟ್ಟಿ ನೋಡಿ ಇಳಿಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಆ ದಿನ ಹೇಗೋ ಕಳೆದುಹೋಗುತ್ತಿತ್ತು. ಬಿಡಲಿಲ್ಲ. ಸೋತ ಮಾತು ಇನ್ನೊಂದು ಬಾಗಿಲು ಹುಡುಕುತ್ತದೆ.

“ಓ,” ಅಂದರು ನಿಧಾನಕ್ಕೆ. “ನೋಡು, ಒಳ್ಳೆ ಮನೆ ಹುಡುಗಿ. ಹಾಗಾದ್ರೆ ಮಧ್ಯಾಹ್ನ ನಿನ್ನ ಡಬ್ಬೀಲಿ ಕೈ ಹಾಕ್ತಿದ್ಲಲ್ಲ, ಅಲ್ಲಿಂದ ಬಂದಿರಬೇಕು. ನಿಮ್ಮ ಕಡೆ ಅಡಿಗೆ ಅವಳ ಮೈಗೆ ಹಿಡಿಸಿಲ್ಲ. ಇವತ್ತಿಂದ ಎಲ್ಲರೂ ಅವರವರ ಡಬ್ಬಿ ಅವರವರೇ. ನೀನು ಬೇಕಾದ್ರೆ ಗೋಡೌನಲ್ಲಿ ಕೂತ್ಕೊಂಡು ಊಟ ಮಾಡು, ಜಾಗ ಇದೆ.”

ನಿಮ್ಮ ಕಡೆ. ಯಲ್ಲಮ್ಮ ತನ್ನ ಮಗಳು ಮೈತ್ರಿಯ ಮದುವೆ ಪತ್ರಿಕೆಯನ್ನು ಕೊಟ್ಟಾಗ, ಅದರ ಮೇಲೆ ಗಣಪತಿಯ ಜಾಗದಲ್ಲಿ ಬುದ್ಧ ಕೂತಿದ್ದು ನೋಡಿದ ದಿನದಿಂದ ಪರಮಶಿವಯ್ಯನವರ ಬಾಯಲ್ಲಿ ಈ ‘ನಿಮ್ಮ ಕಡೆ’ ಶುರುವಾಗಿತ್ತು. ಯಲ್ಲಮ್ಮ ಅದನ್ನು ಕೇಳಿಯೂ ಕೇಳದ ಹಾಗೆ ಇದ್ದವಳು. ಶರಣಮ್ಮನಿಗೆ ಆ ಪತ್ರಿಕೆ ಕೊಟ್ಟಾಗ ಅವಳು, “ಅಯ್ಯ, ಎಷ್ಟು ಚಂದ ಕುಂತಾನ್ರೀ ನಿಮ್ಮ ಬುದ್ಧಪ್ಪ,” ಅಂದಿದ್ದಳು. ಅವಳ ಜೋಳದ ರೊಟ್ಟಿಗೆ ಇವಳ ಬಸ್ಸಾರು, ಇವಳ ಮುದ್ದೆಗೆ ಅವಳ ಶೇಂಗಾ ಚಟ್ನಿ. ಕೋಳಿ ಸಾರು ತಂದ ದಿನ ಯಲ್ಲಮ್ಮ ತಾನೇ ಡಬ್ಬಿ ದೂರ ಇಟ್ಟುಕೊಂಡರೆ, ಅವಳು ಪಕ್ಕಕ್ಕೇ ಬಂದು ಕೂತು, “ವಾಸನಿಗೆ ನಂದೇನ್ ಹೋಗ್ತೈತ್ರಿ” ಅನ್ನುತ್ತಿದ್ದಳು. ಆ ಡಬ್ಬಿಗೆ ಈಗ ಈ ಹೆಸರು.

ಸಿಟ್ಟು ಅಂದರೆ ಹೀಗಿರುತ್ತದೆ ಅಂತ ಯಲ್ಲಮ್ಮನಿಗೂ ಗೊತ್ತಿರಲಿಲ್ಲ. ಕೂಗಾಡುವ ಸಿಟ್ಟು ಅವಳಿಗೆ ಪರಿಚಯವಿತ್ತು, ಬಸ್ಸಿನಲ್ಲಿ, ನಲ್ಲಿ ಹತ್ತಿರ. ಇದು ಬೇರೆ. ಕಾಲಿನಿಂದ ತಣ್ಣಗೆ ಏರಿ ಕಿವಿಯ ಹತ್ತಿರ ಬಿಸಿಯಾಯಿತು. ಬೀಗ ಹಾಕಿದ್ದು ಇವರು. ಒಳಗೇ ಕೊಳೆತಿದ್ದು ಆ ಹುಡುಗಿ. ಕೊಳಕು ಮಾತ್ರ ತನ್ನ ಡಬ್ಬಿಯದು.

ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನ ಗಂಟೆ ಸದ್ದಾಯಿತು. ಗಿರಾಕಿ.

ಬಂದವರು ಬನಶಂಕರಿ ಸೆಕೆಂಡ್ ಸ್ಟೇಜಿನ ಮದುವೆ ಮನೆಯವರು. ಮದುಮಗಳು, ಅವಳಮ್ಮ, ಮತ್ತೆ ಎಲ್ಲರ ಮುಂದೆ ಊರುಗೋಲು ಊರಿಕೊಂಡು ಸೋದರತ್ತೆ ಅಮ್ಮಣ್ಣಿ. ಎಪ್ಪತ್ತು ದಾಟಿದ ಹೆಂಗಸು, ಕಿವಿಯಲ್ಲಿ ಬಿಳಿ ಹರಳಿನ ಓಲೆ. ರೇಟು ಕೇಳುವ ಮುಂಚೆ ಮೂಗು ಮುರಿಯುವ ಜಾತಿ. ಯಲ್ಲಮ್ಮ ಬಿಳಿ ಗಾದಿಯ ಮೇಲೆ ಒಂದಾದ ಮೇಲೊಂದು ಸೀರೆ ಬಿಚ್ಚಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

“ಈ ಬಾರ್ಡರ್ ನಮ್ಮಜ್ಜಿ ಕಾಲದ್ದು.”

“ಹಳೆ ಡಿಸೈನೇ ಈಗ ಫ್ಯಾಷನ್ ಅಮ್ಮ.”

“ಹಂಗಾದ್ರೆ ನಮ್ಮಜ್ಜೀದೇ ಉಡಿಸ್ತೀನಿ, ನಿಮಗ್ಯಾಕೆ ದುಡ್ಡು ಕೊಡ್ಲಿ?” ಅಂದರು ಅಮ್ಮಣ್ಣಿ. “ಇದೆಲ್ಲ ಕೆಳಗಿನ ಮಾಲು. ನಮ್ಮ ಪಕ್ಕದ ಮನೆಯೋರು ಹೇಳಿ ಕಳ್ಸಿದಾರೆ. ನೀವು ಒಳ್ಳೊಳ್ಳೆ ಸ್ಟಾಕೆಲ್ಲ ಮೇಲೆ ಇಟ್ಕೊಂಡಿರ್ತೀರಂತೆ. ಹೆಂಗಸರು ಹೋಗಿ ನೋಡ್ಕೊಂಡು ನೋಡ್ಕೊಂಡು ಬರ್ತಾರಂತೆ, ಗಿರಾಕಿಗೆ ಮಾತ್ರ ತೋರ್ಸಲ್ವಂತೆ. ಆ ಮೇಲಿನ ಸ್ಟಾಕ್ ತೆಗೀರಿ.”

ಪಕ್ಕದ ಗಾದಿಯಲ್ಲಿ ಸೀರೆ ತೋರಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು. ಯಾರೋ ಕೆಮ್ಮಿದರು. ಬೇರೆ ದಿನವಾಗಿದ್ದರೆ ಯಲ್ಲಮ್ಮ ಏನಾದರೂ ಹೇಳಿ ಮಾತು ತೇಲಿಸುತ್ತಿದ್ದಳು. ಇವತ್ತು ಎದ್ದು ನಿಂತಳು. ಬಿಚ್ಚಿದ ಸೀರೆ ಮಡಿಸದೆ ಏಳಬಾರದು ಅನ್ನುವುದು ಆ ಅಂಗಡಿಯ ಕಟ್ಟುನಿಟ್ಟಿನ ನಿಯಮ. ಬಿಚ್ಚಿದ ಸೀರೆ ಬಿಟ್ಟರೆ ವ್ಯಾಪಾರ ಬಿಟ್ಟ ಹಾಗೆ. ಗಾದಿಯ ಮೇಲೆ ಹಸಿರು, ಅರಿಸಿನ, ಕುಂಕುಮದ ಬಣ್ಣಗಳು ಒಂದರ ಮೇಲೊಂದು ಬಿದ್ದಿದ್ದವು.

“ಬನ್ನಿ ಅಮ್ಮ, ತೋರಿಸ್ತೀನಿ. ಲಿಫ್ಟಿಲ್ಲ, ಮೆಟ್ಟಿಲು.”

“ಒಳ್ಳೆ ಸೀರೆಗೆ ಬೆಟ್ಟ ಬೇಕಾದ್ರೂ ಹತ್ತೇನು,” ಅಂದರು ಅಮ್ಮಣ್ಣಿ.

ಮದುಮಗಳನ್ನೂ ಅವಳಮ್ಮನನ್ನೂ ಗಾದಿಯ ಹತ್ತಿರವೇ ಬಿಟ್ಟು ಅಮ್ಮಣ್ಣಿ ಹತ್ತಿದರು, ಮಹಡಿಗೊಮ್ಮೆ ನಿಂತು, ಗೋಡೆ ಹಿಡಿದು, ಬೈದುಕೊಂಡು. ಗೋಡೌನು ದಾಟಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಯಲ್ಲಮ್ಮ ನಿಂತಳು. ಎದುರಿಗೆ ತಗಡಿನ ಬಾಗಿಲು, ಅದಕ್ಕೆ ಹಿತ್ತಾಳೆ ಬೀಗ.

“ಎಲ್ಲಿ?”

“ಇದೇ ಅಮ್ಮ. ಮೇಲಿನ ಸ್ಟಾಕು.”

ಅಮ್ಮಣ್ಣಿ ಮೂಗು ಅಗಲಿಸಿ ವಾಸನೆ ನೋಡಿದರು. “ಕಕ್ಕಸಲ್ವೇನೇ ಇದು?”

“ಹೌದಮ್ಮ. ನಾವು ಬರೋದು ಇದಕ್ಕೆ. ನಿಮ್ಮೆದುರಿಗೆ ಹೆಸರು ಹೇಳಕ್ಕೆ ನಾಚಿಕೆ, ಅದಕ್ಕೇ ಸ್ಟಾಕು ಅಂತೀವಿ. ಈಗ ಬರೋದೂ ಇಲ್ಲ, ಬೀಗ ಇದೆ.”

“ಇದನ್ನ ತೋರ್ಸಕ್ಕೆ ನನ್ನ ಮಂಡಿ ಮುರಿಸಿದ್ಯಾ?”

ಕೆಳಗಿನಿಂದ ಗಲಗಲ ಸದ್ದು ಓಡಿ ಬಂತು. ಪರಮಶಿವಯ್ಯನವರು ಏದುಸಿರು ಬಿಡುತ್ತಾ, “ಮೇಡಂ, ಸಾರಿ ಮೇಡಂ, ಇವಳಿಗೇನೋ ತಲೆ ಸರಿಯಿಲ್ಲ, ಬನ್ನಿ ಕೆಳಗೆ, ಜ್ಯೂಸ್ ತರಿಸ್ತೀನಿ,” ಅಂದರು.

“ತಲೆ ಸರಿಯಾಗೇ ಇದೆ ಸಾರ್,” ಅಂದಳು ಯಲ್ಲಮ್ಮ. ದನಿ ಏರಲಿಲ್ಲ. “ಇಲ್ಲಿ ಕೆಲಸ ಮಾಡೋ ಹುಡುಗಿ ಕಟ್ಕೊಂಡು ಕಟ್ಕೊಂಡು ಕಿಡ್ನಿಗೆ ವಿಷ ಏರಿಸ್ಕೊಂಡು ಮಲಗಿದಾಳಮ್ಮ. ಇವರು ಅವಳನ್ನ ಕೆಲಸಕ್ಕೆ ಬೇಡ ಅಂತಾರೆ. ಯಾಕೆ ಬೇಡ ಅಂತ ಈಗ ಈ ಅಮ್ಮನೆದುರು ಹೇಳಿ ಸಾರ್. ಬೆಳಿಗ್ಗೆ ನಂಗೆ ಹೇಳಿದ್ರಲ್ಲ, ಕೋಳಿ ಅಂತ, ಡಬ್ಬಿ ಅಂತ, ನಿಮ್ಮ ಕಡೆ ಅಂತ. ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ.”

ಪರಮಶಿವಯ್ಯನವರು, “ಬನ್ನಿ ಮೇಡಂ,” ಅಂತ ಮೆಟ್ಟಿಲ ಕಡೆ ಕೈ ತೋರಿಸಿದರು.

“ಆ ಕೋಳಿ ನಿಮ್ಮ ಹೊಟ್ಟೇಲೂ ಇದೆ ಸಾರ್. ದಿನಾ ವಿಭೂತಿ ಹಚ್ಕೊಂಡ್ರೂ ಇರುತ್ತೆ. ಡಾಕ್ಟ್ರೇ ಹೇಳಿದ್ದು. ನಿಮ್ಮದು ಎದ್ದು ಬಂದಿಲ್ಲ ಯಾಕಂದ್ರೆ ನಿಮಗೆ ಬೀಗ ಇಲ್ಲ.”

“ಏ, ಮಾತು ಸಾಕು,” ಅಂದರು ಅಮ್ಮಣ್ಣಿ, ಇಬ್ಬರ ನಡುವೆ ಊರುಗೋಲು ಚಾಚಿ. ಯಲ್ಲಮ್ಮನ ಮೇಲೂ ಅವರಿಗೆ ಕೋಪವೇ ಇತ್ತು. “ನಿಮ್ಮ ಪಂಚಾಯ್ತಿ ಆಮೇಲೆ ಮಾಡ್ಕೊಳ್ಳಿ. ನಂಗೆ ಶುಗರ್ರು. ಮೂರು ಮಹಡಿ ಹತ್ತಿದೀನಿ, ಇನ್ನು ಇಳಿಯೋವರ್ಗೂ ತಡೆಯಲ್ಲ. ತೆಗೀರಿ ಬೀಗ.”

“ಮೇಡಂ, ಇದು ಸ್ಟಾಫಿಗೆ. ಕೆಳಗೆ ಚೆನ್ನಾಗಿರೋದಿದೆ, ಕಸ್ಟಮರ್ಸ್‌ಗೆ—”

“ಇಲ್ಲೇ ನಿಂತ್ಕೊಂಡು ಮಾಡ್ಲೇನಪ್ಪ?”

ಪರಮಶಿವಯ್ಯನವರು ಗೊಂಚಲಿನಲ್ಲಿ ಬೀಗದ ಕೈ ಹುಡುಕಿ ಬೀಗ ತೆಗೆದರು. ಬಾಗಿಲು ತೆರೆಯಿತು. ಅಮ್ಮಣ್ಣಿ ಊರುಗೋಲನ್ನು ಅವರ ಕೈಗೇ ಕೊಟ್ಟು ಒಳಗೆ ಹೋದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಬೀಗ ಹಿಡಿದು ಮ್ಯಾನೇಜರು ಕಾದರು.

ಹೊರಗೆ ಬಂದ ಅಮ್ಮಣ್ಣಿ ಊರುಗೋಲು ಕಿತ್ತುಕೊಂಡರು. “ಒಳಗೆ ಬಕೆಟ್ಟಿಗೆ ತೂತು. ಇಂಥ ಕಡೆ ಧಾರೆ ಸೀರೆ ತಗೋಬೇಕಾ ಅಂತ ಕೆಳಗೆ ಹೋಗಿ ಯೋಚ್ನೆ ಮಾಡ್ತೀನಿ,” ಅಂದು ಗೋಡೆ ಹಿಡಿದು ಇಳಿಯತೊಡಗಿದರು.

ಉಳಿದವರು ಇಬ್ಬರು.

“ಗಿರಾಕಿ ಮುಂದೆ ಮಾನ ತೆಗೆದುಬಿಟ್ಟೆ,” ಅಂದರು ಪರಮಶಿವಯ್ಯನವರು.

“ಶರಣಮ್ಮ ಬರ್ತಾಳೆ ಸಾರ್.”

“ಬರ್ಲಿ.” ಅವರು ಬಾಗಿಲ ಚಿಲಕ ನೋಡಿದರು, ಅವಳ ಮುಖ ನೋಡಲಿಲ್ಲ. “ಡಾಕ್ಟ್ರು ಹೇಳಿದ ಮೇಲೆ ಬರ್ಲಿ. ಈಗ ನೀನು ಕೆಳಗೆ ನಡಿ. ಸೀರೆ ಹಾಗೇ ಬಿದ್ದಿದೆ.”

“ನನ್ನ ಡಬ್ಬಿ ಇದ್ದಲ್ಲೇ ಇರುತ್ತೆ.”

ಪರಮಶಿವಯ್ಯನವರು ಬೀಗವನ್ನು ಚಿಲಕಕ್ಕೆ ಹಾಕಲು ಕೈ ಚಾಚಿದರು.

ಯಲ್ಲಮ್ಮ ಅವರಿಗಿಂತ ಮುಂಚೆ ಬಾಗಿಲು ತಳ್ಳಿ ಒಳಗೆ ಹೋಗಿ ಬೋಲ್ಟು ಹಾಕಿಕೊಂಡಳು. ನಲ್ಲಿ ತಿರುಗಿಸಿದಳು. ತೂತಿನ ಬಕೆಟ್ಟಿಗೆ ನೀರು ಬೀಳುವ ಸದ್ದಿನ ನಡುವೆ ಹೊರಗೆ ಇನ್ನೊಂದು ಸದ್ದು ಕೇಳಿಸಿತು. ಮೆಟ್ಟಿಲ ಮೇಲೆ ಅಂಗಡಿಯ ಹೆಂಗಸರ ಬರಿಗಾಲುಗಳು, ಒಬ್ಬರ ಹಿಂದೊಬ್ಬರು, ಅವಸರವಿಲ್ಲದೆ ಮೇಲಕ್ಕೆ ಬರುತ್ತಿದ್ದವು.